ಓದುಗರ ಪ್ರಶ್ನೆ: ಬಲವಂತಕ್ಕೆ ಧರ್ಮದ ಒಪ್ಪಿಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ರೋಮನ್ ಚಕ್ರವರ್ತಿಗಳ ಕೈಯಲ್ಲಿ ಅಷ್ಟು ನೋವು ಉಂಡ ಕ್ರೈಸ್ತರು, ಅಧಿಕಾರ ಸಿಕ್ಕ ಕೂಡಲೇ ಅದೇ ದಾರಿ ಹಿಡಿದರೇ?

ಕೂಡಲೇ ಹಿಡಿಯಲಿಲ್ಲ, ಆದರೆ ಹಿಡಿದರು. ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ 212ರ ಸುಮಾರಿಗೆ ಆಫ್ರಿಕಾದ ರಾಜ್ಯಪಾಲ ಸ್ಕಾಪುಲನಿಗೆ ಬರೆದ ಪತ್ರದಲ್ಲಿ, ಧರ್ಮವನ್ನು ಹೇರುವುದು ಧರ್ಮದ ಕೆಲಸವಲ್ಲ ಎಂದಿದ್ದ. 303ರಲ್ಲಿ ಡಯೊಕ್ಲೆಷಿಯನ್ ಆರಂಭಿಸಿದ ದಮನವನ್ನು ಕಂಡ ಇನ್ನೊಬ್ಬ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್, ಧರ್ಮವನ್ನು ಕಾಯಲು ಸಾಯಬೇಕೇ ಹೊರತು ಕೊಲ್ಲಬಾರದು ಎಂದು ಬರೆದ. ಇವರ ಮಾತು ಸೋತದ್ದು ಮೊದಲು ಕ್ರೈಸ್ತರ ಒಳಜಗಳದಲ್ಲಿ.

ಉತ್ತರ ಆಫ್ರಿಕಾದಲ್ಲಿ ಕೆಲವು ಪಾದ್ರಿಗಳು ದಮನಕ್ಕೆ ಅಂಜಿ ಪವಿತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ್ದರು. ಅಂಥವರ ಕೈಯಿಂದ ಪಡೆದ ದೀಕ್ಷೆ ಸಲ್ಲದು ಎಂದು ಹಟ ಹಿಡಿದವರು ಡೊನಾಟಿಸ್ಟರು. ಚಕ್ರವರ್ತಿ ಕಾನ್‌ಸ್ಟಂಟೈನ್ ಅವರ ಚರ್ಚುಗಳನ್ನು ಕಿತ್ತುಕೊಳ್ಳಲು ಸೈನಿಕರನ್ನು ಬಳಸಿ, ಫಲ ಕಾಣದೆ 321ರಲ್ಲಿ ಕೈಬಿಟ್ಟ. 347ರಲ್ಲಿ ಪೌಲ್ ಮತ್ತು ಮಕಾರಿಯಸ್ ಎಂಬ ಅಧಿಕಾರಿಗಳು ಸೈನ್ಯದೊಂದಿಗೆ ಬಂದಾಗ ರಕ್ತ ಹರಿಯಿತು. ಅದಕ್ಕೆ ಸಮರ್ಥನೆ ಬರೆದವನು ಮಿಲೆವಿಸ್‌ನ ಬಿಷಪ್ ಆಪ್ಟಾಟಸ್: ಬೈಬಲ್ಲಿನ ಮೋಶೆ, ಫೀನೆಹಾಸ, ಎಲೀಯ ಇವರೂ ಕೊಂದಿರಲಿಲ್ಲವೇ? ದೇವರ ಹೆಸರಿನಲ್ಲಿ ನಡೆದ ಹಳೇ ಒಡಂಬಡಿಕೆಯ ಕೊಲೆಗಳು ಹೀಗೆ ಸರ್ಕಾರಿ ಅಧಿಕಾರಿಯೊಬ್ಬನ ಬೆನ್ನಿಗೆ ನಿಂತವು. ತಿರುವು ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಸಂತ ಅಗಸ್ಟೀನ್ ಬಲವಂತವನ್ನು ಒಪ್ಪಿದ್ದರು ಎನ್ನುತ್ತಾರೆ. ಅವರು ನಿಜಕ್ಕೂ ಹೇಳಿದ್ದೇನು? ಮರಣದಂಡನೆಯನ್ನೂ ಒಪ್ಪಿದ್ದರೇ?

ಬಲವಂತವನ್ನು ಒಪ್ಪಿದ್ದರು, ಮರಣದಂಡನೆಯನ್ನು ವಿರೋಧಿಸಿದ್ದರು. ಎರಡನ್ನೂ ಒಟ್ಟಿಗೆ ಓದದಿದ್ದರೆ ಅವರ ವಾದ ಅರ್ಥವಾಗದು.

ಡೊನಾಟಿಸ್ಟರ ಎದುರು ನಿಂತ ಕಥೊಲಿಕ್ ಪಕ್ಷದ ಬಿಷಪ್ ಆಗಿ ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದಲ್ಲಿದ್ದ ಅವರು ಮೊದಲಿಗೆ ಬಲವಂತದ ವಿರೋಧಿಯೇ. 408ರ ಸುಮಾರಿಗೆ ವಿನ್ಸೆಂಟಿಯಸ್ ಎಂಬ ಎದುರುಪಕ್ಷದ ಬಿಷಪ್‌ಗೆ ಬರೆದ ಪತ್ರದಲ್ಲಿ ಮನಸ್ಸು ಬದಲಾದ ಕಾರಣವನ್ನು ತಾವೇ ಹೇಳುತ್ತಾರೆ. ಇಡೀ ಡೊನಾಟಿಸ್ಟ್ ಪಕ್ಷದಲ್ಲಿದ್ದ ತಮ್ಮ ಊರು ಚಕ್ರವರ್ತಿಯ ಕಾನೂನಿಗೆ ಹೆದರಿ ಕಥೊಲಿಕ್ ಪಕ್ಷಕ್ಕೆ ಬಂತು, ಬಂದವರು ಆಮೇಲೆ ಅಲ್ಲೇ ನೆಲೆಯಾದರು ಎಂಬುದು ಆ ಕಾರಣ. ಅನುಭವ ಮುಂದೆ ಹೋಗಿ ಬೈಬಲ್ ವಚನವನ್ನು ಹುಡುಕಿತು ಎಂದೇ ಇದನ್ನು ಓದಬೇಕು. ವಚನ ಸಿಕ್ಕಿದ್ದು ಲೂಕನ ಸುವಾರ್ತೆ 14:23ರಲ್ಲಿ. ಔತಣಕ್ಕೆ ಕರೆದವರು ಬಾರದಿದ್ದಾಗ ಯಜಮಾನ ಆಳಿಗೆ, ದಾರಿಯಲ್ಲಿ ಸಿಕ್ಕವರನ್ನು ಒಳಗೆ ಬರುವಂತೆ ಬಲವಂತ ಮಾಡು ಎನ್ನುತ್ತಾನೆ. ಆಗಿನ್ನೂ ಕ್ರೈಸ್ತರ ವೈರಿಯಾಗಿದ್ದ ಅಪೊಸ್ತಲ ಪೌಲನನ್ನು ದಮಸ್ಕದ ದಾರಿಯಲ್ಲಿ ಕ್ರಿಸ್ತನೇ ನೆಲಕ್ಕೆ ಕೆಡವಿ ಕುರುಡು ಮಾಡಿದ, ಯಜಮಾನಿ ಸಾರಳು ದಾಸಿ ಹಾಗರಳನ್ನು ಶಿಕ್ಷಿಸಿದಳು ಎಂಬ ಉದಾಹರಣೆಗಳೂ ಜೊತೆಗೂಡಿದವು. 417ರ ಸುಮಾರಿಗೆ ಸೇನಾಧಿಕಾರಿ ಬೊನಿಫೇಸ್‌ಗೆ ಬರೆದ ಪತ್ರದಲ್ಲಿ ವಾದ ಪೂರ್ಣಗೊಳ್ಳುತ್ತದೆ: ದುಷ್ಟರು ಧರ್ಮಸಭೆಗೆ (ಚರ್ಚಿಗೆ) ಕೊಡುವ ಹಿಂಸೆ ಅನ್ಯಾಯದ್ದು, ಧರ್ಮಸಭೆ ಪ್ರೀತಿಯಿಂದ ದುಷ್ಟರಿಗೆ ಕೊಡುವುದು ನ್ಯಾಯದ್ದು. ನೋವು ಉಂಡ ಮಾತ್ರಕ್ಕೆ ಯಾರೂ ಹುತಾತ್ಮರಾಗರು, ಯಾವ ಕಾರಣಕ್ಕೆ ಉಂಡರು ಎಂಬುದೇ ಮುಖ್ಯ ಎಂದು ಅವರು ಮತ್ತೆಮತ್ತೆ ಹೇಳಿದರು. ಇದರಿಂದ ನಾವು ಹುತಾತ್ಮರು ಎಂಬ, ಎದುರಾಳಿಯ ಕೈಯಲ್ಲಿದ್ದ ದೊಡ್ಡ ಆಯುಧವೇ ಕಳಚಿಬಿತ್ತು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಡೊನಾಟಿಸ್ಟರ ಕಡೆಯ ಸರ್ಕಮ್‌ಸೆಲಿಯನ್ ಗುಂಪುಗಳು ದೊಣ್ಣೆ ಹಿಡಿದು ಕಥೊಲಿಕ್ ಪಾದ್ರಿಗಳ ಮೇಲೆ ಬೀಳುತ್ತಿದ್ದವು, ಸುಣ್ಣಕ್ಕೆ ವಿನೆಗರ್ ಬೆರೆಸಿ ಕಣ್ಣಿಗೆ ಹಾಕುತ್ತಿದ್ದವು ಎಂದು ಅಗಸ್ಟೀನ್ ದೂರುತ್ತಾರೆ. ಬಾಗಾಯಿಯ ಬಿಷಪ್ ಮ್ಯಾಕ್ಸಿಮಿಯನ್ ಇಂಥ ದಾಳಿಯ ಗಾಯಗಳೊಂದಿಗೇ ಚಕ್ರವರ್ತಿಯ ಬಳಿ ಹೋದ. 405ರಲ್ಲಿ ಚಕ್ರವರ್ತಿ ಹೊನೋರಿಯಸ್, ಡೊನಾಟಿಸ್ಟರು ಕಥೊಲಿಕ್ ಚರ್ಚಿಗೆ ಸೇರಬೇಕೆಂಬ ಐಕ್ಯತೆಯ ಶಾಸನ ಹೊರಡಿಸಿದ.

411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಪಕ್ಷಗಳ ಐನೂರಕ್ಕೂ ಹೆಚ್ಚು ಬಿಷಪ್‌ಗಳು ಅಧಿಕಾರಿ ಮಾರ್ಸೆಲಿನಸ್‌ನ ಮುಂದೆ ವಾದಿಸಿದರು. ತೀರ್ಪು ಡೊನಾಟಿಸ್ಟರ ವಿರುದ್ಧ ಬಂತು. 412ರ ಜನವರಿಯ ಕಾನೂನು ಡೊನಾಟಿಸ್ಟರಾಗಿಯೇ ಉಳಿದವರಿಗೆ ದಂಡದ ದರಪಟ್ಟಿಯನ್ನೇ ಕೊಟ್ಟಿತು: ಅತ್ಯುನ್ನತ ದರ್ಜೆಯವರಿಗೆ 50 ಪೌಂಡ್ ಚಿನ್ನ, ಮುಂದಿನ ದರ್ಜೆಗೆ 40, ಸೆನೆಟರ್‌ಗೆ 30, ನಗರಸಭೆಯ ಸದಸ್ಯನಿಗೂ ವ್ಯಾಪಾರಿಗೂ 5, ಸರ್ಕಮ್‌ಸೆಲಿಯನ್‌ಗೆ 10 ಪೌಂಡ್ ಬೆಳ್ಳಿ. ಗುಲಾಮರಿಗೆ ಒಡೆಯನ ಎಚ್ಚರಿಕೆ, ಒಕ್ಕಲುಗಳಿಗೆ ಹೊಡೆತ. ಸಾಮಾನ್ಯ ಪ್ರಜೆಗೂ 5 ಪೌಂಡ್ ಚಿನ್ನವೇ. ಅಷ್ಟು ಚಿನ್ನ ಅವನು ಎಲ್ಲಿಂದ ತರಬೇಕು? ಪ್ರೀತಿಯ ಶಿಸ್ತು ಕೆಳಗಿನವನ ಮನೆ ಮುಟ್ಟುವ ಹೊತ್ತಿಗೆ ಬರೀ ಭಯವಾಗಿರುತ್ತಿತ್ತು.

ಮರಣದಂಡನೆ ಬೇಡವೆನ್ನಲು ಅಗಸ್ಟೀನ್ ಕೊಟ್ಟ ಕಾರಣಗಳಲ್ಲಿ ಒಂದು ಕರುಣೆಯದು: ಕೊಂದರೆ ಪಶ್ಚಾತ್ತಾಪಕ್ಕೆ ಅವಕಾಶವಿಲ್ಲ. ಇನ್ನೊಂದು ವ್ಯವಹಾರದ್ದು. 408ರಲ್ಲಿ ರಾಜ್ಯಪಾಲನಿಗೆ ಬರೆದದ್ದನ್ನು ನೋಡಿ: ಇಂಥ ಪ್ರಕರಣಗಳನ್ನು ನಿಮ್ಮ ಮುಂದೆ ತರುವವರು ಚರ್ಚಿನವರೇ, ನೀವು ಕೊಲ್ಲಲು ಹೊರಟರೆ ನಾವು ದೂರು ಕೊಡುವುದನ್ನೇ ನಿಲ್ಲಿಸಬೇಕಾಗುತ್ತದೆ. ಇಡೀ ಯಂತ್ರ ಬಿಷಪ್‌ಗಳ ದೂರಿನ ಮೇಲೆ ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಪ್ರಶ್ನೆ: ಕ್ರೈಸ್ತ ಆಳ್ವಿಕೆಯಲ್ಲಿ ಪಾಷಂಡಿ (ಚರ್ಚಿನ ಒಪ್ಪಿತ ನಂಬಿಕೆ ಮೀರಿದವ) ಎಂದು ಮೊದಲು ಕೊಲ್ಲಲ್ಪಟ್ಟವನು ಸ್ಪೇನಿನ ಬಿಷಪ್ ಪ್ರಿಸಿಲಿಯನ್. ಕೊಂದದ್ದು ಚರ್ಚೇ?

385ರ ಸುಮಾರಿಗೆ ಟ್ರಿಯರ್‌ನಲ್ಲಿ ಚಕ್ರವರ್ತಿ ಮ್ಯಾಗ್ನಸ್ ಮ್ಯಾಕ್ಸಿಮಸ್‌ನ ನ್ಯಾಯಾಲಯ ಕೊಂದಿತು. ದಾಖಲಾದ ಅಪರಾಧ ಮಾಟಮಂತ್ರ. ಬೆನ್ನುಹತ್ತಿ ಆರೋಪ ಹೊರಿಸಿದವನು ಇಥೇಸಿಯಸ್ ಎಂಬ ಬಿಷಪ್. ಟೂರ್ಸ್‌ನ ಬಿಷಪ್ ಮಾರ್ಟಿನ್ ರಕ್ತ ಹರಿಸಬೇಡಿ ಎಂದು ಬೇಡಿಕೊಂಡಿದ್ದರು. ಮಿಲಾನಿನ ಬಿಷಪ್ ಅಂಬ್ರೋಸ್ ಕೊಲೆಗೆ ಒತ್ತಾಯಿಸಿದ ಬಿಷಪ್‌ಗಳ ಸಹವಾಸವನ್ನೇ ನಿರಾಕರಿಸಿದರು.

ಪ್ರಶ್ನೆ: ಅದೇ ಅಂಬ್ರೋಸ್ ಯೆಹೂದ್ಯರ ಸಭಾಮಂದಿರ ಸುಟ್ಟವರ ಪರ ನಿಂತರಂತೆ?

ನಿಂತರು. 388ರಲ್ಲಿ ಯೂಫ್ರಟಿಸ್ ದಂಡೆಯ ಕ್ಯಾಲಿನಿಕಂನಲ್ಲಿ, ಈಗಿನ ಸಿರಿಯಾದ ರಕ್ಕಾದಲ್ಲಿ, ಬಿಷಪ್‌ನ ಕುಮ್ಮಕ್ಕಿನಿಂದ ಸಭಾಮಂದಿರ ಸುಡಲಾಯಿತು. ಬಿಷಪ್ ಅದನ್ನು ಮತ್ತೆ ಕಟ್ಟಿಸಿಕೊಡಲಿ ಎಂದು ಚಕ್ರವರ್ತಿ ಥಿಯೋಡೋಸಿಯಸ್ ಆಜ್ಞಾಪಿಸಿದ. ಬಿಷಪ್ ಒಪ್ಪಿದರೆ ಧರ್ಮದ್ರೋಹಿ, ಒಪ್ಪದಿದ್ದರೆ ಹುತಾತ್ಮ ಎಂದು ಅಂಬ್ರೋಸ್ ಪತ್ರ ಬರೆದರು. ಆಮೇಲೆ ಆಜ್ಞೆ ಹಿಂಪಡೆಯುವ ಮಾತು ಸಿಗುವವರೆಗೆ ಚಕ್ರವರ್ತಿಯ ಎದುರಿಗೇ ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಮುಂದುವರಿಸಲಿಲ್ಲ. ಬೆಂಕಿ ಹಚ್ಚಿದವನಿಗೆ ಹುತಾತ್ಮನ ಪಟ್ಟ ಕಟ್ಟಲು ಹೊರಟ ಈ ವಾದವನ್ನು ನಾವು ಯಾವ ರೀತಿಯಲ್ಲೂ ಸಮರ್ಥಿಸಲಾರೆವು. ಎರಡು ವರ್ಷದ ಮೇಲೆ, ಸೈನಿಕರು ಗ್ರೀಸಿನ ಥೆಸಲೊನೀಕದಲ್ಲಿ ನಡೆಸಿದ ನರಮೇಧಕ್ಕಾಗಿ ಇದೇ ಚಕ್ರವರ್ತಿಯಿಂದ ಅವರು ಪ್ರಾಯಶ್ಚಿತ್ತ ಮಾಡಿಸಿದರು ಎಂಬುದೂ ಅಷ್ಟೇ ನಿಜ.

ಪ್ರಶ್ನೆ: ಸರ್ಕಾರ ಇಂಥ ಗುಂಪುಗಳನ್ನು ತಡೆಯಲೇ ಇಲ್ಲವೇ?

ಕಾನೂನು ಇತ್ತು. ಯೆಹೂದ್ಯ ಧರ್ಮಕ್ಕೆ ನಿಷೇಧವಿಲ್ಲ, ಸಭಾಮಂದಿರ ಕೆಡವುವವರನ್ನು ಶಿಕ್ಷಿಸಿ ಎಂದು 393ರಲ್ಲಿ ಥಿಯೋಡೋಸಿಯಸ್ ಆದೇಶಿಸಿದ. 415ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ತತ್ವಜ್ಞಾನಿ ಹೈಪೇಷಿಯಾಳನ್ನು ಗುಂಪೊಂದು ಕೊಂದಿತು. ಬಿಷಪ್ ಸಿರಿಲ್‌ಗೂ ಅಲ್ಲಿನ ಚರ್ಚಿಗೂ ಇದರಿಂದ ಕಳಂಕ ತಟ್ಟಿತೆಂದು ಬರೆದವನು ಸಾಕ್ರಟೀಸ್ ಎಂಬ ಕ್ರೈಸ್ತ ಇತಿಹಾಸಕಾರನೇ. ರೋಗಿಗಳ ಆರೈಕೆಗೆಂದಿದ್ದು ಬೀದಿಬಲವಾಗಿ ಬೆಳೆದಿದ್ದ ಪರಾಬಲಾನಿ ಎಂಬ ಚರ್ಚಿನ ಸೇವಕರನ್ನು 416ರಲ್ಲಿ 500ಕ್ಕೆ ಮಿತಿಗೊಳಿಸಲಾಯಿತು. 418ರಲ್ಲಿ ಅದು 600 ಆಯಿತು, ಆಯ್ಕೆಯ ಅಧಿಕಾರ ಮತ್ತೆ ಬಿಷಪ್‌ನ ಕೈಗೆ ಹೋಯಿತು. ಶಾಂತವಾಗಿ ಬದುಕುವ ಯೆಹೂದ್ಯರ ಮತ್ತು ಹಳೇ ದೇವತೆಗಳನ್ನು ಪೂಜಿಸುವವರ ಮೇಲೆ ಕೈಮಾಡಬಾರದು, ದೋಚಿದ್ದಕ್ಕೆ ಮೂರು ನಾಲ್ಕು ಪಟ್ಟು ಹಿಂದಿರುಗಿಸಬೇಕು ಎಂದು 423ರಲ್ಲಿ ಕ್ರೈಸ್ತರಿಗೇ ಮತ್ತೆ ಹೇಳಬೇಕಾಯಿತು.