ಡ್ರಾಯರ್‌ನಲ್ಲಿದ್ದ ನೋಟ್‌ಬುಕ್

ಹೆಸರು, ವಯಸ್ಸು, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಬರೆಯೋದಕ್ಕೆ ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ. ಮಗ ಒಂದು ಷರತ್ತು ಹಾಕಿದ: "ನನ್ನನ್ನ ಪಾಪದವನು ಅಂತ ಮಾತ್ರ ಬರೀಬೇಡಿ."

2024ರ ಸೆಪ್ಟೆಂಬರ್. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಟಿವಿ ಹಾಕಿದರೆ ಬೌಲ್ಡರ್ ಊರಿನ ಕೊಲೆಗಳ ವಿಚಾರಣೆಯದೇ ಸುದ್ದಿ. 2021ರ ಮಾರ್ಚ್ 22ರಂದು ಅಲ್ಲಿನ ಸೂಪರ್‌ಮಾರ್ಕೆಟ್ ಒಂದರಲ್ಲಿ 21 ವರ್ಷದ ಯುವಕ ಗುಂಡು ಹಾರಿಸಿ 10 ಜನರನ್ನು ಕೊಂದಿದ್ದ. ಕೊಂದವನು ಇವನೇ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವನಿಗೆ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮಾನಸಿಕ ಕಾಯಿಲೆ, ಇದೆ ಅನ್ನೋದನ್ನೂ ಸರ್ಕಾರಿ ವಕೀಲರು ಅಲ್ಲಗಳೆಯಲಿಲ್ಲ. ಜಗಳ ಇದ್ದದ್ದು ಒಂದೇ ಪ್ರಶ್ನೆಯ ಮೇಲೆ. ಆ ಹೊತ್ತಿನಲ್ಲಿ ಅವನಿಗೆ ಸರಿ ಯಾವುದು, ತಪ್ಪು ಯಾವುದು ಅಂತ ಗೊತ್ತಿತ್ತಾ? ಕಾಯಿಲೆಯಿಂದಾಗಿ ಗೊತ್ತಿರಲಿಲ್ಲ ಅಂತಾದರೆ ಕಾನೂನಿನ ಲೆಕ್ಕದಲ್ಲಿ ಅವನು ಅಪರಾಧಿ ಅಲ್ಲ.

ಆ ದಿನಗಳಲ್ಲೇ ವಸುಧಾ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಸಮಯ ಕೇಳಿದರು. ಐವತ್ತು ದಾಟಿದ್ದಾರೆ. ಇಪ್ಪತ್ತು ವರ್ಷದಿಂದ ಡೆನ್ವರ್ ಕಡೆಯೇ ಇದ್ದಾರೆ. ಇಂಗ್ಲಿಷ್ ಚೆನ್ನಾಗಿಯೇ ಬರುತ್ತೆ, ಆದರೆ ಇದನ್ನು ಕನ್ನಡದಲ್ಲೇ ಹೇಳಬೇಕು ಅಂದರು. ವಿಡಿಯೋದಲ್ಲಿ ಮುಖ ಕಂಡ ಕೂಡಲೇ ಬಂದದ್ದು ಈ ಮಾತು: "ಮೇಡಂ, ನಾನು ದಿನಾ ರಾತ್ರಿ ಚಾಕು ಎಣಿಸ್ತಿದ್ದೀನಿ."

ಅಡುಗೆಮನೆಯಲ್ಲಿ ಏಳು ಚಾಕು. ಮಗ ಮಲಗಿದ ಮೇಲೆ ಲೈಟ್ ಹಾಕದೆ, ಮೊಬೈಲ್ ಬೆಳಕಲ್ಲಿ ಎಣಿಸುತ್ತಾರೆ. ಒಂದು ರಾತ್ರಿ ಆರೇ ಇದ್ದವು. ಜೀವ ಬಾಯಿಗೆ ಬಂತಂತೆ. ಬೆಳಗಿನ ತನಕ ಮೆಟ್ಟಿಲ ಮೇಲೆ ಕೂತು ಮಗನ ಕೋಣೆಯ ಬಾಗಿಲನ್ನೇ ನೋಡುತ್ತಿದ್ದರು. ಏಳನೆಯದು ಡಿಶ್‌ವಾಷರ್‌ನಲ್ಲಿತ್ತು. ಹಾಕಿದ್ದು ಅವರೇ.

ಮಗ ನಿಖಿಲ್, 26 ವರ್ಷ. ನಾಲ್ಕು ವರ್ಷದ ಹಿಂದೆ ಕಾಲೇಜಿನಲ್ಲಿದ್ದಾಗ ಸ್ಕಿಜೋಫ್ರೀನಿಯಾ ಶುರುವಾಯಿತು. ಮೊದಲ ಆರು ತಿಂಗಳು ಮನೆಯೇ ಅಲ್ಲಾಡಿಹೋಗಿತ್ತು. ಆಮೇಲೆ ಮಾತ್ರೆ ಹಿಡಿಯಿತು. ಈಗ ಅರ್ಧ ದಿನದ ಕೆಲಸ ಇದೆ, ಬಸ್ಸಲ್ಲಿ ಒಬ್ಬನೇ ಓಡಾಡುತ್ತಾನೆ. ಯಾರ ಮೇಲೂ ಒಂದು ದಿನ ಕೈ ಎತ್ತಿದವನಲ್ಲ. ಹಾಗಿದ್ದರೆ ಚಾಕು ಯಾಕೆ ಎಣಿಸುತ್ತೀರಿ ಅಂತ ಕೇಳಿದೆ.

ಕಥೆ ಶುರುವಾಗಿದ್ದು ಒಂದು ಭಾನುವಾರದ ಫೋನಿನಿಂದ. ಸ್ಪೀಕರ್ ಹಾಕಿ, ನೆಂಟರೆಲ್ಲ ಒಟ್ಟಿಗೆ ಮಾತು. ವಿಚಾರಣೆಯ ವಿಷಯ ಬಂತು. ಸೋದರಮಾವ ಅಂದರು: "ಆರು ದಿನ ಮೊದಲೇ ಗನ್ ಕೊಂಡಿದ್ದಾನೆ, ಯಾವ ಗುಂಡು ಏನು ಮಾಡುತ್ತೆ ಅಂತ ಹುಡುಕಿ ಓದಿದ್ದಾನೆ. ಇಷ್ಟೆಲ್ಲ ಪ್ಲಾನ್ ಮಾಡೋನಿಗೆ ಎಂಥ ಹುಚ್ಚು? ಎಲ್ಲ ಲಾಯರ್ ಆಟ." ಇನ್ನೊಬ್ಬರು ಅಂದರು: "ಹುಚ್ಚೇ ಇರಬಹುದು. ಅಂಥವರನ್ನ ಹೊರಗೆ ಬಿಡೋದೇ ತಪ್ಪು." ಜಗಳ ಚೆನ್ನಾಗಿಯೇ ನಡೆಯಿತು. ನಿಖಿಲ್ ಅಲ್ಲೇ ಟೀ ಮಾಡುತ್ತಿದ್ದ. ಲೋಟ ಅಲ್ಲೇ ಇಟ್ಟು ಮೇಲೆ ಹೋದ.

ಒಬ್ಬರು ಕಾಯಿಲೆಯೇ ನಾಟಕ ಅಂದರು. ಇನ್ನೊಬ್ಬರು ಕಾಯಿಲೆ ಇದ್ದರೆ ಕೊಲೆಗಾರನೇ ಅಂದರು. ಒಬ್ಬರನ್ನೊಬ್ಬರು ಸೋಲಿಸೋಕೆ ಹೊರಟಿದ್ದರು. ಎರಡೂ ಏಟು ಬಿದ್ದದ್ದು ಟೀ ಮಾಡುತ್ತಿದ್ದವನಿಗೆ.

ವಾರ ಕಳೆದ ಮೇಲೆ ವಸುಧಾ ಮಗನ ಮಾತ್ರೆ ಡಬ್ಬಿ ನೋಡಿದರು. ವಾರದ ಏಳು ಖಾನೆಯೂ ತುಂಬಿತ್ತು. ಇನ್ನೆಲ್ಲಾದರೂ ಏನಾದರೂ ಸಿಗುತ್ತಾ ಅಂತ ಡ್ರಾಯರ್ ತೆಗೆದರೆ ಒಂದು ನೋಟ್‌ಬುಕ್. ಅವರಿಗೆ ತಕ್ಷಣ ನೆನಪಾದದ್ದು ಅರೋರಾ.

ಡೆನ್ವರ್ ಕಡೆ ಇರೋರಿಗೆ ಅದು ಮರೆಯೋ ವಿಷಯ ಅಲ್ಲ. 2012ರ ಜುಲೈ 20, ಅರೋರಾದ ಸಿನಿಮಾ ಮಂದಿರ, ನಡುರಾತ್ರಿಯ ಷೋ. 12 ಜನ ಸತ್ತರು. ಕೊಂದವನು ಅದಕ್ಕೆ ಮುಂಚೆ ತನ್ನ ಮನೋವೈದ್ಯೆಗೆ ಒಂದು ನೋಟ್‌ಬುಕ್ ಪೋಸ್ಟ್ ಮಾಡಿದ್ದ. ಅದು ಕೈಗೆ ಸೇರುವ ಮೊದಲೇ ಎಲ್ಲ ಮುಗಿದಿತ್ತು. ಒಳಗೆ ಯಾವ ಜಾಗ ವಾಸಿ, ಯಾವುದು ಬೇಡ ಅನ್ನುವ ಪಟ್ಟಿ ಇತ್ತು. ಚಿತ್ರಮಂದಿರದ ನಕ್ಷೆ ಇತ್ತು. 'ಯಾಕೆ' ಅನ್ನುವ ಒಂದೇ ಪದ ತುಂಬಿದ ಪುಟಗಳೂ ಇದ್ದವು.

ವಸುಧಾ ನಿಂತಲ್ಲೇ ಮಗನ ನೋಟ್‌ಬುಕ್ ಓದಿದರು. ಇಂಗ್ಲಿಷಲ್ಲಿತ್ತು, ನನಗೆ ಕನ್ನಡದಲ್ಲಿ ಹೇಳಿದರು:

"ಬಸ್ 8.10. ಹಿಂದಿನ ಸೀಟಿನವರು ನಕ್ಕರು. ನನ್ನ ಬಗ್ಗೆ ಅಲ್ಲ. ಫೋನ್ ನೋಡ್ತಿದ್ದರು."

"ದನಿ: ಬೆಳಗ್ಗೆ ಎರಡು ಸಲ. ಉತ್ತರ ಕೊಡಲಿಲ್ಲ. ಸರಿ."

"ಊಟ. ಮಾತ್ರೆ. 20 ನಿಮಿಷ ನಡಿಗೆ. ಅಮ್ಮನ ಜೊತೆ ಒಂದಾದ್ರೂ ಮಾತಾಡು."

ಪ್ರತಿ ಸಾಲಿನ ಮುಂದೆ ಒಂದು ಟಿಕ್. ಪುಟದ ಮೇಲೆ ಪುಟ ಹಾಗೇ. ಕೊನೆಯ ಒಂಬತ್ತು ದಿನ ಮಾತ್ರ 'ಮಾತ್ರೆ'ಯ ಮುಂದೆ ಟಿಕ್ ಇಲ್ಲ.

ಇದನ್ನು ಓದಿದ ಮೇಲೂ ಆ ತಾಯಿ ರಾತ್ರಿ ಚಾಕು ಎಣಿಸೋಕೆ ಶುರು ಮಾಡಿದರು, ನೋಡಿ. ಭಯಕ್ಕೆ ಓದು ಬರಲ್ಲ.

ಇಲ್ಲಿ ನನ್ನ ಒಂದು ತಪ್ಪು ಹೇಳಬೇಕು. ಮೊದಲ ಭೇಟಿಯಲ್ಲೇ ನಾನು ಕಾನೂನು, ಅಂಕಿ-ಅಂಶ ಅಂತ ಶುರು ಮಾಡಿದೆ. ಅಮೆರಿಕದಲ್ಲಿ ಗಂಭೀರ ಮಾನಸಿಕ ಕಾಯಿಲೆ ಪೂರ್ತಿ ಮಾಯವಾದರೂ ಒಟ್ಟು ಹಿಂಸೆ ಕಡಿಮೆಯಾಗೋದು ಸುಮಾರು 4% ಅಷ್ಟೇ, ಈ ಕಾಯಿಲೆ ಇರೋರು ಏಟು ಕೊಡೋದಕ್ಕಿಂತ ತಿನ್ನೋದೇ ಜಾಸ್ತಿ, ಇತ್ಯಾದಿ. ಎಲ್ಲ ನಿಜವೇ. ಹತ್ತು ನಿಮಿಷ ಕೇಳಿಸಿಕೊಂಡು ವಸುಧಾ ಅಂದರು: "ಮೇಡಂ, ನಾನು ಪಾಠಕ್ಕೆ ಬಂದಿಲ್ಲ. ಇವತ್ತು ರಾತ್ರಿ ಏನು ಮಾಡಲಿ ಹೇಳಿ."

ಸರಿ, ಆ ರಾತ್ರಿಗೆ ಹೇಳಿದ್ದು ಇದು. ಮೊದಲು ಅವನ ಮನೋವೈದ್ಯರಿಗೆ ಫೋನ್ ಮಾಡಿ, ಅವನಿಗೆ ಗೊತ್ತಿರುವ ಹಾಗೇ ಮಾಡಿ. ಒಂಬತ್ತು ದಿನ ಬಿಟ್ಟ ಮಾತ್ರೆಯನ್ನು ಯಾವ ಪ್ರಮಾಣದಲ್ಲಿ ಮತ್ತೆ ಶುರು ಮಾಡಬೇಕು ಅಂತ ವೈದ್ಯರೇ ಹೇಳಬೇಕು. ನೀವೂ ಊಹಿಸಬೇಡಿ, ನಾನೂ ಊಹಿಸಲ್ಲ. ಎರಡನೆಯದು, ನೋಟ್‌ಬುಕ್ ಓದಿದೆ ಅಂತ ಅವನಿಗೆ ಹೇಳಿ. ಕ್ಷಮೆ ಕೇಳಿ, ಆದರೆ ಓದಿದ್ದಕ್ಕೆ ಕಾರಣ ಮುಚ್ಚಿಡಬೇಡಿ. ಕದ್ದು ನೋಡುವ ಅಮ್ಮನ ಜೊತೆ, ತನ್ನನ್ನು ಯಾರೋ ನೋಡುತ್ತಿದ್ದಾರೆ ಅನ್ನುವ ಕಾಯಿಲೆ ಇರುವ ಮಗ ಹೇಗೆ ಬದುಕಬೇಕು? ಮೂರನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮನಸ್ಸಿನಲ್ಲಿರುವ ಪ್ರಶ್ನೆಯನ್ನು ನೇರವಾಗಿ ಕೇಳಿ. "ದನಿಗಳು ನಿನಗೆ ಏನಾದ್ರೂ ಮಾಡು ಅಂತ ಹೇಳ್ತಾವಾ? ನಿನಗಾಗಲಿ, ಬೇರೆಯವರಿಗಾಗಲಿ ನೋವು ಮಾಡಬೇಕು ಅನ್ನಿಸುತ್ತಾ?" ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದ ಹಾಗೆ ಆಗುತ್ತೆ ಅಂತ ಎಲ್ಲರೂ ಹೆದರುತ್ತಾರೆ. ಹಾಗೇನೂ ಆಗಲ್ಲ.

"ಹೌದು ಅಂದ್ರೆ?" ಅಂದರು.

ಹೌದು ಅಂದರೆ ಅಮೆರಿಕದ ಮಾನಸಿಕ ಸಂಕಷ್ಟದ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಅವನ ಪಕ್ಕದಲ್ಲೇ ಇರಿ. ನಿಜವಾಗಿ ಎಚ್ಚರ ಬೇಕಾದ ಗುರುತುಗಳು ಬೇರೆ: ಒಬ್ಬರನ್ನೋ ಒಂದು ಜಾಗವನ್ನೋ ಹೆಸರಿಟ್ಟು ಬೆದರಿಸೋದು, ಇದ್ದಕ್ಕಿದ್ದ ಹಾಗೆ ಬಂದೂಕಿನ ಹಿಂದೆ ಬೀಳೋದು, ಹಿಂದಿನ ಹತ್ಯೆಗಳನ್ನು ಮೆಚ್ಚಿ ಮಾತಾಡೋದು, ಮಾಡುತ್ತೇನೆ ಅಂತ ಯಾರಿಗಾದರೂ ಬಾಯಿಬಿಡೋದು. ಅಂಥದ್ದು ಕಂಡರೆ ಕಾಯಿಲೆ ಇರಲಿ, ಇಲ್ಲದಿರಲಿ, ಸುಮ್ಮನೆ ಕೂರಬಾರದು. ನಿಖಿಲನಲ್ಲಿ ಇವು ಒಂದೂ ಇರಲಿಲ್ಲ. ಅವನಲ್ಲಿ ಇದ್ದ ಒಂದೇ ಗುರುತು ಬಿಟ್ಟ ಮಾತ್ರೆ. ಅದಕ್ಕೆ ಬೇಕಾದದ್ದು ವೈದ್ಯರ ಫೋನ್ ನಂಬರ್, ಕಾವಲು ಅಲ್ಲ.

ವಸುಧಾ ಕೇಳಿದರು. ಅವನು ಇಲ್ಲ ಅಂದ. ಆಮೇಲೆ, "ಕೊನೆಗೂ ಕೇಳಿದ್ಯಲ್ಲ, ಬಾಗಿಲ ಹೊರಗೆ ನೀನು ಉಸಿರಾಡೋದು ನನಗೆ ಕೇಳಿಸ್ತಿತ್ತು. ಅದೂ ದನಿನೇ ಅಂದ್ಕೊಂಡಿದ್ದೆ" ಅಂದನಂತೆ.

ಮೂರನೇ ಭೇಟಿಗೆ ನಿಖಿಲ್ ತಾನೇ ಬಂದ. ಮಾತ್ರೆ ಮತ್ತೆ ಶುರುವಾಗಿತ್ತು. ನಿಧಾನವಾಗಿ, ಮೊದಲೇ ಬರೆದುಕೊಂಡು ಬಂದವನ ಹಾಗೆ ಕೇಳಿದ: "ಅವನು ಪ್ಲಾನ್ ಮಾಡಿದ್ದ. ಪ್ಲಾನ್ ಮಾಡೋರಿಗೆ ಕಾಯಿಲೆ ಇರಲ್ಲ ಅಂತ ಮಾವ ಹೇಳ್ತಾರೆ. ನಾನು ದಿನವಿಡೀ ಪ್ಲಾನ್ ಮಾಡ್ತೀನಿ. ಹಾಗಾದ್ರೆ ನನ್ನ ಕಾಯಿಲೆ ಸುಳ್ಳಾ? ಸುಳ್ಳಾದ್ರೆ ಮಾತ್ರೆ ಯಾಕೆ? ನಿಜ ಆದ್ರೆ, ನಾನೂ ಅವನ ಹಾಗೆ ಆಗ್ತೀನಾ?"

ಮಾತ್ರೆ ಯಾಕೆ ಬಿಟ್ಟ ಅನ್ನೋದಕ್ಕೆ ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ತಾಯಿ ಬೇಡ ಅಂದಿದ್ದ ಪಾಠ ಮಗನಿಗೆ ಬೇಕಾಗಿತ್ತು.

ನಾನು 1843ರಿಂದ ಶುರು ಮಾಡಿದೆ. ಲಂಡನ್‌ನಲ್ಲಿ ಡ್ಯಾನಿಯಲ್ ಮೆಕ್‌ನಾಟನ್ ಅನ್ನುವ ಮರಗೆಲಸದವನು ಪ್ರಧಾನಿ ರಾಬರ್ಟ್ ಪೀಲ್ ಅಂದುಕೊಂಡು ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ. ಪಿಸ್ತೂಲು ಮೊದಲೇ ಇಟ್ಟುಕೊಂಡಿದ್ದ, ದಿನಗಟ್ಟಲೆ ಅಲ್ಲೇ ಸುತ್ತಾಡಿ ಕಾದಿದ್ದ. ಪ್ಲಾನ್ ಅಂದರೆ ಅದೇ ಅಲ್ವಾ? ಆದರೆ ಆಳುವ ಪಕ್ಷದವರು ಎಲ್ಲಿ ಹೋದರೂ ತನ್ನ ಬೆನ್ನುಹತ್ತಿ ಕೊಲ್ಲೋಕೆ ನೋಡುತ್ತಿದ್ದಾರೆ ಅನ್ನುವ ಭ್ರಮೆಯ ಒಳಗೇ ಅವನು ಅದನ್ನೆಲ್ಲ ಮಾಡಿದ್ದ. ಕೋರ್ಟು ಅವನನ್ನು ನಿರ್ದೋಷಿ ಅಂದಿತು. ಜನ ಕೆರಳಿದರು, ವಿಕ್ಟೋರಿಯಾ ರಾಣಿಯೂ ಸಿಟ್ಟಾದರು. ಮಾಡುತ್ತಿರೋದು ತಪ್ಪು ಅಂತ ಅವನಿಗೆ ಗೊತ್ತಿತ್ತಾ ಅಂತ ನೋಡಬೇಕು ಅನ್ನುವ, ಆಗ ನ್ಯಾಯಾಧೀಶರು ಹಾಕಿಕೊಟ್ಟ ನಿಯಮವೇ ಇವತ್ತಿಗೂ ಬೇರೆ ಬೇರೆ ರೂಪದಲ್ಲಿ ನಡೆಯುತ್ತಿದೆ. ಮೆಕ್‌ನಾಟನ್ ಮನೆಗೇನೂ ಹೋಗಲಿಲ್ಲ. ಸಾಯುವ ತನಕ, ಇಪ್ಪತ್ತು ವರ್ಷದ ಮೇಲೆ, ಹುಚ್ಚಾಸ್ಪತ್ರೆಗಳಲ್ಲೇ ಇದ್ದ. ಕೊಲೊರಾಡೊದಲ್ಲೂ ಹಾಗೇ, ಈ ವಾದ ಗೆದ್ದರೆ ಸೇರುವುದು ಪ್ವೆಬ್ಲೊದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ.

ಪ್ಲಾನ್ ಮಾಡಿದ ಅನ್ನೋದು ಅವನ ಕೈಕಾಲು, ನೆನಪು, ಲೆಕ್ಕ ಕೆಲಸ ಮಾಡುತ್ತಿದ್ದವು ಅಂತ ಹೇಳುತ್ತೆ, ಅಷ್ಟೇ. ಆ ಲೆಕ್ಕ ಯಾವ ಲೋಕದೊಳಗೆ ನಡೆಯುತ್ತಿತ್ತು ಅಂತ ಅದೊಂದೇ ಹೇಳಲ್ಲ. ಅರೋರಾದ ನೋಟ್‌ಬುಕ್ಕನ್ನೇ ನೋಡು ಅಂದೆ. ಸರ್ಕಾರಿ ವಕೀಲರು ಪಟ್ಟಿ, ನಕ್ಷೆ ತೋರಿಸಿದರು. ಆರೋಪಿಯ ವಕೀಲರು ಅದೇ ಪುಸ್ತಕದಿಂದ ಭ್ರಮೆಯ ಪುಟ ತೋರಿಸಿದರು. ಕೊಲೊರಾಡೊದಲ್ಲಿ ಬುದ್ಧಿ ಸರಿಯಿತ್ತು ಅಂತ ಸಾಬೀತು ಮಾಡುವ ಹೊರೆ ಸರ್ಕಾರದ ಮೇಲೇ ಇರುತ್ತೆ. 2015ರ ಜುಲೈನಲ್ಲಿ ಜ್ಯೂರಿ ಅವನನ್ನು ಎಲ್ಲ 165 ಆರೋಪಗಳಲ್ಲೂ ಅಪರಾಧಿ ಅಂದಿತು. ಮರಣದಂಡನೆಗೆ ಮಾತ್ರ ಒಮ್ಮತ ಬರಲಿಲ್ಲ. ಜೀವಾವಧಿ ಆಯಿತು.

ಕಾಯಿಲೆ ನಿಜ ಇರಬಹುದು, ಕಾನೂನಿನ ಲೆಕ್ಕದಲ್ಲಿ ಬುದ್ಧಿ ನೆಟ್ಟಗಿದೆ ಅಂತಲೂ ಆಗಬಹುದು. ಎರಡೂ ಒಟ್ಟಿಗೆ. ಹೊರಗೆ ಮಾತಾಡೋರಿಗೆ ಇದೇ ನುಂಗಲಾರದ ತುತ್ತು. 'ಹುಚ್ಚಾ, ನಾಟಕವಾ' ಅಂತ ಎರಡೇ ಡಬ್ಬಿ ಇಟ್ಟುಕೊಂಡಿರುತ್ತಾರೆ.

ನಿಖಿಲ್ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾನು ಯಾವ ಡಬ್ಬಿಗೂ ಹೋಗಬೇಕಾಗಿಲ್ಲ" ಅಂದ. ಅವನ ಹಾಗೆ ಆಗ್ತೀನಾ ಅನ್ನುವ ಪ್ರಶ್ನೆಗೆ ನಾನು ಆಣೆ-ಪ್ರಮಾಣ ಮಾಡಲಿಲ್ಲ. ಮಾಡಿದ್ದರೆ ಅವನು ನಂಬುತ್ತಲೂ ಇರಲಿಲ್ಲ. ನೋಟ್‌ಬುಕ್ ತೋರಿಸು ಅಂದೆ. ನಾಲ್ಕು ವರ್ಷದ ಟಿಕ್‌ಗಳು ಇದ್ದವು. ನಿನ್ನ ಪ್ಲಾನ್ ಏನಕ್ಕೆ ಅಂತ ಇದರಲ್ಲೇ ಇದೆಯಲ್ಲ ಅಂದೆ. ಹೊಗಳಿಕೆ ಇಷ್ಟವಾಗಲಿಲ್ಲ ಅನ್ನಿಸುತ್ತೆ, "ಅಕ್ಷರ ಚೆನ್ನಾಗಿಲ್ಲ" ಅಂದ.

ವಸುಧಾರ ಮನಸ್ಸಿನಲ್ಲಿ ಇನ್ನೊಂದು ಮುಳ್ಳಿತ್ತು. ಬೌಲ್ಡರ್ ಆರೋಪಿಯ ತಂದೆ ಕೋರ್ಟಿನಲ್ಲಿ, ಮಗನಿಗೆ ಏನೋ ಕೆಟ್ಟ ಶಕ್ತಿ ಮೆಟ್ಟಿರಬಹುದು ಅಂದುಕೊಂಡಿದ್ದೆವು, ಮಗ ಹುಚ್ಚ ಅಂತ ಹೇಳೋದು ನಮ್ಮವರಲ್ಲಿ ದೊಡ್ಡ ನಾಚಿಕೆ ಅನ್ನುವ ಅರ್ಥದ ಮಾತು ಹೇಳಿದ್ದರು. ಸಿರಿಯಾದಿಂದ ಬಂದ ಕುಟುಂಬ. "ಮೇಡಂ, ನಾವೂ ಮೊದಲು ದೃಷ್ಟಿ ತೆಗೆದಿದ್ದು. ಯಾರಿಗೂ ಹೇಳಬೇಡ ಅಂತ ಅವನ ಬಾಯಿ ಮುಚ್ಚಿಸಿದ್ದು." ಆ ಮನೆಯಲ್ಲಿ ಚಿಕಿತ್ಸೆ ಸಿಕ್ಕಿದ್ದರೆ ಹತ್ತು ಜೀವ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ, ಯಾರೂ ಹೇಳಬಾರದು. ಆದರೆ ಈ ಮನೆಯವರು ದೃಷ್ಟಿ ತೆಗೆದ ಮೇಲೆ ಆಸ್ಪತ್ರೆಗೂ ಹೋದರು. ಅದನ್ನು ನೆನಪಿಸಿದೆ.

ಉಳಿದದ್ದು ಭಾನುವಾರದ ಫೋನ್. ಮಾವನಿಗೆ ಅಮೆರಿಕದ ಕಾನೂನು ಪಾಠ ಮಾಡೋದು ಬೇಡ, ಅವರು ಸೋಲಲ್ಲ ಅಂದೆ. "ನಿಖಿಲನಿಗೂ ಅದೇ ಕಾಯಿಲೆ ಇದೆ ಅಣ್ಣ, ಅವನು ಇಲ್ಲೇ ಇದ್ದಾನೆ" ಅಂತ ಒಂದೇ ಸಾಲು ಹೇಳಬಹುದು, ಆದರೆ ನಿಖಿಲ್ ಒಪ್ಪಿದರೆ ಮಾತ್ರ. ಗುಟ್ಟು ಅವನದು. ಅವನು ಎರಡು ವಾರ ಯೋಚಿಸಿದ.

ಅಷ್ಟರಲ್ಲಿ ಸೆಪ್ಟೆಂಬರ್ 23ಕ್ಕೆ ಬೌಲ್ಡರ್ ತೀರ್ಪು ಬಂತು. ಅಪರಾಧಿ. 10 ಜೀವಾವಧಿ ಶಿಕ್ಷೆ, ಅದರ ಮೇಲೆ 1,334 ವರ್ಷ. ಜೈಲಿಗೆ ಹೋಗುತ್ತೇನೆ ಅಂತ ಆ ಆರೋಪಿ ಹೆದರಿದ್ದನ್ನೇ ತಜ್ಞರು ತಪ್ಪಿನ ಅರಿವಿತ್ತು ಅನ್ನೋದಕ್ಕೆ ಒಂದು ಗುರುತಾಗಿ ಹಿಡಿದಿದ್ದರು. ಮಾವ ಫೋನಿನಲ್ಲಿ "ನಾನು ಹೇಳಲಿಲ್ವಾ?" ಅಂದರಂತೆ. ವಸುಧಾ ಆ ಸಾಲು ಹೇಳಿದರು. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಮಾವ, "ಅವನಿಗೆ ಕೊಡು" ಅಂದರು. ನಿಖಿಲ್ ಕೈಯಾಡಿಸಿ, ಈಗ ಬೇಡ ಅಂದ.

ಕೊನೆಯ ಭೇಟಿಯಲ್ಲಿ ನೋಟ್‌ಬುಕ್ ಊಟದ ಮೇಜಿನ ಮೇಲೇ ಇತ್ತು. ನಿಖಿಲ್ ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿದ. 'ಮಾತ್ರೆ'ಯ ಪಕ್ಕ ಹೊಸದೊಂದು ಗೆರೆ ಎಳೆದು 'ಅಮ್ಮ' ಅಂತ ಬರೆದಿದ್ದ. ರಾತ್ರಿ ಎದ್ದು ಬಾಗಿಲ ಹತ್ತಿರ ಬಾರದ ದಿನಕ್ಕೆ ಒಂದು ಟಿಕ್. ಆ ವಾರ ಮೂರು ಟಿಕ್ ಇತ್ತು. "ನಾಲ್ಕು," ಅಂದರು ವಸುಧಾ. "ಮಂಗಳವಾರ ನಾನು ನೀರು ಕುಡಿಯೋಕೆ ಎದ್ದಿದ್ದು."