ಎರಡು ಬಾಗಿಲಿನ ಕಾರಿನಲ್ಲಿ ಹಿಂದೆ ಕೂರುವವರಿಗೆ ಮೋಟಾರಿನ ಸೀಟು ಅನುಕೂಲವೇ?

ಎರಡು ಬಾಗಿಲಿನ ಕಾರು ಕೊಳ್ಳಬೇಕೆಂದಿದ್ದೀರಿ, ಹಿಂದಿನ ಸೀಟಿನಲ್ಲಿ ತಿಂಗಳಿಗೆ ಮೂರು ನಾಲ್ಕು ಸಲ ದೊಡ್ಡವರು ಕೂರುತ್ತಾರೆ, ಮುಂದಿನ ಸೀಟು ಸ್ವಿಚ್ ಒತ್ತಿದರೆ ಸರಿಯುವಂಥದ್ದಾದರೆ ಅವರಿಗೆ ಹತ್ತಿ ಇಳಿಯಲು ಸುಲಭವಾಗುತ್ತಾ ಅಂತ ಕೇಳಿದ್ದೀರಿ. ಅಂಥ ಕಾರನ್ನು ನಾನು ಆರು ವರ್ಷ ಓಡಿಸಿದ್ದೇನೆ. ಮೋಟಾರು ಇರುವುದು ಮುಂದೆ ಕೂರುವವರ ಸುಖಕ್ಕೆ. ಹಿಂದೆ ಹತ್ತುವವರಿಗೆ ಬೇಕಾದದ್ದೇ ಬೇರೆ.

ಮಳೆಯಲ್ಲಿ ಒಮ್ಮೆ ಯಾರನ್ನಾದರೂ ಹತ್ತಿಸಿಕೊಂಡರೆ ಗೊತ್ತಾಗುತ್ತೆ. ಕೈಯಿಂದ ಎಳೆಯುವ ಸೀಟಾದರೆ ಲಿವರ್ ಎತ್ತಿ ತಳ್ಳಿದ ಕೂಡಲೇ ಸರ್ರನೆ ಮುಂದೆ ಹೋಗುತ್ತೆ. ಮೋಟಾರಿನದ್ದು ಹಾಗಲ್ಲ. ಮೇಲೆ ಆಳು ಕೂತಿರುವಾಗಲೂ ಸೀಟು ಜರುಗಬೇಕಲ್ಲ, ಅದಕ್ಕಾಗಿ ಸಣ್ಣ ಮೋಟಾರಿನ ವೇಗವನ್ನು ಗಿಯರುಗಳಿಂದ ಇಳಿಸಿ, ತಿರುಪಿನ ಮೂಲಕ ಸೀಟನ್ನು ಹಳಿಯ ಮೇಲೆ ತಳ್ಳಿಸುತ್ತಾರೆ. ಬಲ ಬರುತ್ತೆ, ವೇಗ ಹೋಗುತ್ತೆ. ನನ್ನ ಕಾರಿನಲ್ಲಿ ಸೀಟು ಪೂರ್ತಿ ಮುಂದೆ ಹೋಗಲು 10 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಓದುವಾಗ ಅದೇನು ಮಹಾ ಅನ್ನಿಸಬಹುದು. ಅತ್ತೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ ಹಿಡಿದು ಬಾಗಿಲ ಬಳಿ ನಿಂತು, ಸೀಟು ಗುಂಯ್‌ಗುಡುತ್ತಾ ತೆವಳುವುದನ್ನೇ ನೋಡುತ್ತಿದ್ದರೆ ಅಳಿಯ ತನ್ನ ಮುಖ ಎಲ್ಲಿಟ್ಟುಕೊಳ್ಳಬೇಕು?

ಹಾಗಂತ ಮೋಟಾರಿನ ಸೀಟೆಲ್ಲ ಒಂದೇ ಜಾತಿಯಲ್ಲ. ಕೆಲವುದರಲ್ಲಿ ಸೀಟಿನ ಬೆನ್ನನ್ನು ಕೈಯಿಂದ ಮಡಚಬಹುದು, ಆದರೆ ಸೀಟು ಇದ್ದಲ್ಲೇ ಇರುತ್ತೆ. ಅದನ್ನು ಮುಂದೆ ತರಲು ಬಗ್ಗಿ, ಸೀಟಿನ ಬದಿಯ ಸ್ವಿಚ್ ಒತ್ತಿ ಹಿಡಿದುಕೊಂಡೇ ಇರಬೇಕು. ನನ್ನದು ಇದೇ. ಇನ್ನು ಕೆಲವುದರಲ್ಲಿ ಸೀಟಿನ ಭುಜದ ಹತ್ತಿರ ಒಂದು ಹಿಡಿಕೆ ಇರುತ್ತೆ. ಎಳೆದು ಬೆನ್ನು ಮಡಚಿದರೆ ಸೀಟು ತಾನಾಗಿ ಮುಂದೆ ಹೋಗುತ್ತೆ, ಬೆನ್ನನ್ನು ಮತ್ತೆ ನಿಲ್ಲಿಸಿದರೆ ಮೊದಲಿದ್ದ ಜಾಗಕ್ಕೇ ಬರುತ್ತೆ. ನಿಧಾನ ಇದಕ್ಕೂ ತಪ್ಪಿದ್ದಲ್ಲ, ಆದರೆ ಬೆನ್ನು ಮಡಚಿದ ಕ್ಷಣದಿಂದಲೇ ಮೈ ತೂರಿಸಲು ಒಂದಿಷ್ಟು ಜಾಗ ಸಿಗುತ್ತೆ. ಕೊಳ್ಳುವುದಾದರೆ ಇಂಥದ್ದನ್ನೇ ಹುಡುಕಿ, ಅದೂ ಎರಡೂ ಬದಿಯ ಸೀಟಿಗೆ ಇದೆಯೇ ನೋಡಿ.

ಯಾರೂ ಹೇಳದ ವಿಷಯ ಒಂದಿದೆ: ಪಾದ. ಎಲ್ಲರೂ ಮಂಡಿಗೆ ಜಾಗ ಎಷ್ಟು ಅಂತ ನೋಡುತ್ತಾರೆ. ಹಿಂದೆ ಕೂತವರ ಪಾದ ಮುಂದಿನ ಸೀಟಿನ ಅಡಿಗೆ ತೂರಿದರೆ ಕಾಲು ತುಸು ಚಾಚಬಹುದು, ಮಂಡಿಗೂ ಆರಾಮ. ಮೋಟಾರಿನ ಸೀಟಿನ ಅಡಿಯಲ್ಲಿ ಮೋಟಾರುಗಳು, ವೈರಿನ ಕಟ್ಟು, ಕೆಲವೊಮ್ಮೆ ಕಂಟ್ರೋಲ್ ಡಬ್ಬಿಯೂ ಕೂತಿರುತ್ತೆ. ಮೇಲಾಗಿ ಇಂಥ ಕಾರುಗಳಲ್ಲಿ ಓಡಿಸುವವರು ಸೀಟನ್ನು ತಳಕ್ಕೆ ಇಳಿಸಿಕೊಂಡೇ ಕೂರುವುದು. ಆಗ ಹಿಂದಿನವರ ಬೂಟಿನ ತುದಿ ಗೋಡೆಗೆ ಮುಟ್ಟಿದ ಹಾಗೆ. ನನ್ನ ಸೀಟನ್ನು ಎರಡು ಬೆರಳಷ್ಟು ಎತ್ತರಿಸಿದ ದಿನ ಹಿಂದೆ ಕೂತಿದ್ದ ತಮ್ಮ “ಹಿಂದೆ ಏನಾದರೂ ಬದಲಾಯಿಸಿದೆಯಾ?” ಅಂತ ಕೇಳಿದ.

ಮೆಮೊರಿ ಇರುವ ಸೀಟಿನದ್ದು ಇನ್ನೊಂದು ಕಥೆ. ನನ್ನ ಹೆಂಡತಿ ಗಿಡ್ಡ, ನಾನು ಉದ್ದ. ಕಾರಿನ ಬೀಗ ಯಾರ ಕೀಲಿಯಿಂದ ತೆರೆಯಿತೋ ಅವರ ಅಳತೆಗೆ ಸೀಟು ಹೋಗುವಂತೆ ಹೊಂದಿಸಿದ್ದೆ. ಒಮ್ಮೆ ಅವಳು ಓಡಿಸಿಕೊಂಡು ಬಂದಿದ್ದಳು, ಹಿಂದೆ ಗೆಳೆಯ ಕಾಲು ಚಾಚಿ ಕೂತಿದ್ದ. ನಾನು ನನ್ನ ಕೀಲಿಯ ಗುಂಡಿ ಒತ್ತಿ ಬಾಗಿಲು ತೆರೆದೆ; ಸೀಟು ನಿಯತ್ತಿನಿಂದ ಅವನ ಮಂಡಿಯ ಕಡೆ ಹೊರಟಿತು. ಅವನು ಕೂಗಿದ, ನಾನು ಸ್ವಿಚ್ಚಿಗೆ ಕೈ ಹಾಕಿದ ಮೇಲೆ ನಿಂತಿತು. ಏನಾದರೂ ತಡೆದರೆ ತಾನೇ ನಿಲ್ಲುವ ಸೀಟುಗಳೂ ಇವೆ, ನಿಮ್ಮದು ಅಂಥದ್ದೇ ಅಂತ ನಂಬಿ ಕೂರಬೇಡಿ. ಅಂದಹಾಗೆ, ಇಂಥ ಸೀಟುಗಳು ಸಾಮಾನ್ಯವಾಗಿ ಮೋಟಾರು ಎಷ್ಟು ಸುತ್ತು ತಿರುಗಿತು ಅಂತ ಸೆನ್ಸರಿನಿಂದ ಎಣಿಸಿ ತಮ್ಮ ಜಾಗ ತಿಳಿಯುವುದು. ಬ್ಯಾಟರಿ ಕಳಚಿ ಹಾಕಿದ ಮೇಲೆ ಎಣಿಕೆ ತಪ್ಪಿದರೆ ಸೀಟನ್ನು ಒಮ್ಮೆ ಪೂರ್ತಿ ಹಿಂದಕ್ಕೆ, ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ. ಹೆಚ್ಚಿನ ಸಲ ಸರಿಹೋಗುತ್ತೆ.

ಇನ್ನು ಜಾಗ. ಎರಡು ಬಾಗಿಲು ಅಂದ ಮಾತ್ರಕ್ಕೆ ಎಲ್ಲವೂ ಇಕ್ಕಟ್ಟಲ್ಲ. ಪೋರ್ಶೆ 911ರ ಈಗಿನ ತಲೆಮಾರಿನ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಅಂತರ, 2450 ಮಿ.ಮೀ.; ಅದರ ಹಿಂದಿನ ಸೀಟು ಮಕ್ಕಳಿಗೆ, ಇಲ್ಲವೇ ಬ್ಯಾಗಿಗೆ. 2015ರಲ್ಲಿ ಬಂದ ಫೋರ್ಡ್ ಮಸ್ಟ್ಯಾಂಗಿನದ್ದು 2720. ದೊಡ್ಡವರು ಸ್ವಲ್ಪ ದೂರ ಹೋಗಬಹುದು. 2023ರಲ್ಲಿ ತಯಾರಿಕೆ ನಿಂತ ಡಾಡ್ಜ್ ಚಾಲೆಂಜರಿನದ್ದು ಸುಮಾರು 2946. ಅದರ ಹಿಂದೆ ಮೂರು ಬೆಲ್ಟುಗಳೇ ಇದ್ದವು. ಆದರೆ ಕೂಪೆಯಲ್ಲಿ, ಅಂದರೆ ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಇಂಥ ಎರಡು ಬಾಗಿಲಿನ ಕಾರಿನಲ್ಲಿ, ಮೊದಲು ಸೋಲುವುದು ಬಹುಪಾಲು ತಲೆಯೇ, ಕಾಲಲ್ಲ. ಇಳಿಜಾರು ಚಾವಣಿಗೆ ನೆತ್ತಿ ತಾಗುತ್ತೆ ಅಂತ ಮುಂದೆ ಜಾರಿ ಕೂತರೆ ಮಂಡಿಯ ಜಾಗವೂ ಹೋಯಿತು. ಕಂಪನಿ ಕೊಡುವ ಲೆಗ್‌ರೂಮ್ ಅಂಕಿಗಳನ್ನು ಹೋಲಿಸುವುದಾದರೆ ಮುಂದಿನದ್ದನ್ನೂ ಹಿಂದಿನದ್ದನ್ನೂ ಕೂಡಿಸಿ ಹೋಲಿಸಿ. ಮುಂದಿನವರು ಬಿಟ್ಟಷ್ಟೇ ಹಿಂದಿನವರಿಗೆ.

ಬಾಗಿಲು ಉದ್ದವಿರುವುದರಿಂದ ಪಕ್ಕದಲ್ಲಿ ಕಾರು ನಿಂತಿದ್ದರೆ ಅರ್ಧವೂ ತೆರೆಯಲ್ಲ. ಆಗ ಸೀಟು ಎಷ್ಟು ಮುಂದೆ ಹೋದರೂ ಪ್ರಯೋಜನವಿಲ್ಲ. ಇಂಥ ಕಡೆ ನಾನು ಹಿಂದಿನವರನ್ನು ಇಳಿಸಿಯೇ ಪಾರ್ಕ್ ಮಾಡುತ್ತಿದ್ದೆ. ಮುಂದಿನ ಸೀಟ್ ಬೆಲ್ಟ್ ಕೂಡ ಭುಜಕ್ಕಿಂತ ತೀರಾ ಹಿಂದಿರುತ್ತೆ. ಮರ್ಸಿಡಿಸ್ 1981ರ ಎಸ್‌ಇಸಿ ಕೂಪೆಗಳಲ್ಲೇ ಬೆಲ್ಟನ್ನು ಮುಂದೆ ಚಾಚಿಕೊಡುವ ಕೈಯೊಂದನ್ನು ಇಟ್ಟಿತ್ತು. ನನ್ನ ಕಾರಿನಲ್ಲಿ ಅದಿರಲಿಲ್ಲ. ಹಿಂದೆ ಕೂತವರೇ ಬೆಲ್ಟ್ ಎತ್ತಿಕೊಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ರಾಜಿಯಾಗಬೇಡಿ. ಒಂದು ಸಲ ಬ್ಯಾಟರಿ ಸತ್ತು ಸೀಟು ಜರುಗಲೇ ಇಲ್ಲ, ಹಿಂದೆ ತಮ್ಮ ಕೂತಿದ್ದ. ಬೆನ್ನು ಕೈಯಿಂದ ಮಡಚುವಂಥದ್ದಾಗಿತ್ತು, ಹೇಗೋ ನುಸುಳಿ ಬಂದ. ಬೆನ್ನಿಗೂ ಮೋಟಾರೇ ಇದ್ದಿದ್ದರೆ? ಹಿಂದೆ ಕೂತವರಿಗೆ ಕೈಗೆಟುಕುವ, ಕರೆಂಟಿಲ್ಲದೆ ಕೆಲಸ ಮಾಡುವ ಹಿಡಿಕೆ ಇರಲೇಬೇಕು.

ಅಂಗಡಿಗೆ ಹೋದಾಗ ಡ್ರೈವರ್ ಸೀಟನ್ನು ನಿಮ್ಮ ಅಳತೆಗೆ ಇಟ್ಟು, ಅದರ ಹಿಂದೆ ನೀವೇ ಕಾಲು ಗಂಟೆ ಕೂತು ನೋಡಿ. ಆಮೇಲೆ ಎಂಜಿನ್ ಆರಿಸಿ, ಬಾಗಿಲು ಮುಚ್ಚಿಸಿ, ಯಾರ ಸಹಾಯವೂ ಇಲ್ಲದೆ ಹೊರಗೆ ಬನ್ನಿ. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಹಿಂದೆ ಕೂರುವ ದೊಡ್ಡವರನ್ನೂ ಅವತ್ತೇ ಕರೆದುಕೊಂಡು ಹೋಗಿ. ನಾನು ಅತ್ತೆಯನ್ನು ಕರೆದುಕೊಂಡು ಹೋಗಿರಲಿಲ್ಲ.