ಮನ್ನೋಗೆ ಬರುವವರು ಕೆರೆಯ ಲೆಕ್ಕ ತಿಳಿದುಕೊಂಡು ಬನ್ನಿ

ಜಪಾನಿನ ಕಗಾವಾ ಪ್ರಾಂತ್ಯದ ಮನ್ನೋದಲ್ಲಿ ಕೆಲಸ ಸಿಕ್ಕಿದೆ, ನಾನು ಸಸ್ಯಾಹಾರಿ, ಜಪಾನಿ ಅಷ್ಟಾಗಿ ಬರುವುದಿಲ್ಲ, ಒಂದು ದೊಡ್ಡ ಕೆರೆ ಬಿಟ್ಟರೆ ಅಲ್ಲೇನೂ ಇಲ್ಲವಂತೆ, ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ನಾನು ಬಂದು ಒಂಬತ್ತು ವರ್ಷವಾಯಿತು. ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ಬೀದಿಯಲ್ಲಿ ಒಂದು ನಾಯಿಯೂ ಕಾಣುವುದಿಲ್ಲ.

ಕಾರು ಬೇಕೇ ಬೇಕು. ಭಾರತದಿಂದಲೇ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಂಡು ಬನ್ನಿ, ಒಂದು ವರ್ಷ ನಡೆಯುತ್ತದೆ, ಅಷ್ಟರೊಳಗೆ ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಿ. ಊಟಕ್ಕೆ ಎಲ್ಲೆಲ್ಲೂ ಉದೋನ್. ದಪ್ಪ ಗೋಧಿ ಶಾವಿಗೆ, ನೋಡಿದರೆ ಸಸ್ಯಾಹಾರವೇ, ಆದರೆ ಆ ತಿಳಿಸಾರು ಇರಿಕೊ ಅನ್ನುವ ಒಣಮೀನಿನದು. ಸಾರು ಬೇಡ, ಬರೀ ಸೋಯಾ ಸಾಸ್ ಸಾಕು ಅಂತ ಹೇಳುವುದನ್ನು ಮೊದಲು ಕಲಿಯಿರಿ.

ಇನ್ನು ಕೆರೆ. ಊರು ನಡೆಯುವುದೇ ಅದರ ಲೆಕ್ಕದಲ್ಲಿ. ಇಲ್ಲಿ ಮಳೆ ಕಮ್ಮಿ, ವರ್ಷಕ್ಕೆ ಸುಮಾರು 1,100 ಮಿಲಿಮೀಟರ್, ದೊಡ್ಡ ನದಿಯೂ ಇಲ್ಲ. ಅದಕ್ಕೇ ಪ್ರಾಂತ್ಯದ ತುಂಬ ಸುಮಾರು 12,000 ಕೆರೆಗಳು. ಮನ್ನೋ ಕೆರೆ ಅವುಗಳಿಗೆಲ್ಲ ಹಿರಿಯಣ್ಣ. ಸುತ್ತಳತೆ ಸುಮಾರು 20 ಕಿಲೋಮೀಟರ್. ಕಟ್ಟಿದ್ದು 8ನೇ ಶತಮಾನದ ಶುರುವಿನಲ್ಲಿ ಅನ್ನುತ್ತಾರೆ. ಏರಿ ಒಡೆದಾಗ 821ರಲ್ಲಿ ದುರಸ್ತಿ ಮಾಡಿಸಿದವರು ಕೂಕೈ ಎಂಬ ಬೌದ್ಧ ಸನ್ಯಾಸಿ, ಪಕ್ಕದ ಜೆಂತ್ಸೂಜಿಯಲ್ಲೇ ಹುಟ್ಟಿದವರು. 1184ರಲ್ಲಿ ಮತ್ತೆ ಒಡೆಯಿತು. ಆಮೇಲೆ ನಾನೂರೈವತ್ತು ವರ್ಷ ಯಾರೂ ಕಟ್ಟಲಿಲ್ಲ, ಕೆರೆಯಂಗಳದಲ್ಲಿ ಒಂದು ಹಳ್ಳಿಯೇ ಎದ್ದು ಜನ ಉಳುಮೆ ಮಾಡಿಕೊಂಡಿದ್ದರಂತೆ. ನಮ್ಮ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತಲ್ವಾ, ಹಾಗೆ. ವ್ಯತ್ಯಾಸ ಅಂದರೆ ಇವರು 1631ರಲ್ಲಿ ಆ ಜಾಗವನ್ನು ಮತ್ತೆ ಕೆರೆ ಮಾಡಿದರು. 1854ರಲ್ಲಿ ಇನ್ನೊಮ್ಮೆ ಒಡೆಯಿತು, 1870ರ ಹೊತ್ತಿಗೆ ಮತ್ತೆ ಕಟ್ಟಿದರು, ಆಗ ತೂಬಿಗೆ ಬಂಡೆ ಕೊರೆದು ದಾರಿ ಮಾಡಿದರು.

ಪ್ರತಿ ವರ್ಷ ಜೂನ್ 15ಕ್ಕೆ ತೂಬು ತೆಗೆಯುತ್ತಾರೆ. ಯುರುನುಕಿ ಅಂತ ಹೆಸರು, ಅಂದರೆ ಬಿರಡೆ ಕೀಳುವುದು. ಪೂಜೆ ಆಗುತ್ತದೆ, ನೀರು ಬಿಡುತ್ತಾರೆ. ಅಷ್ಟು ತಡ ಯಾಕೆ ಅಂದರೆ ಗದ್ದೆಯಲ್ಲಿ ಅಲ್ಲಿಯವರೆಗೆ ಗೋಧಿ ಇರುತ್ತದೆ. ಅದು ಕೊಯ್ದ ಮೇಲೇ ನಾಟಿ.

ನನಗೆ ಇದೆಲ್ಲ ಗೊತ್ತಾಗಿದ್ದು ಚಪ್ಪಲಿ ಹೋದ ಮೇಲೆ. ಮನೆ ಮುಂದೆ ಕಾಂಕ್ರೀಟಿನ ಸಣ್ಣ ಕಾಲುವೆ, ಇಡೀ ಚಳಿಗಾಲ ಒಣಗಿ ಬಿದ್ದಿತ್ತು, ಸುಮ್ನೆ ಖಾಲಿ ಯಾಕಿರಬೇಕು ಅಂತ ಅದರೊಳಗೆ ಚಪ್ಪಲಿ ಸ್ಟ್ಯಾಂಡ್, ಎರಡು ಕೊತ್ತಂಬರಿ ಕುಂಡ ಇಟ್ಟಿದ್ದೆ. ಜೂನ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಮೊಣಕಾಲುದ್ದ ನೀರು, ಒಂದೂ ಇಲ್ಲ! ಪಕ್ಕದ ಮನೆ ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವರೇ ಕೂರಿಸಿಕೊಂಡು ಹೇಳಿದರು, ಕಾಲುವೆ ಸ್ವಚ್ಛ ಮಾಡುವ ದಿನ ನೀನೊಬ್ಬನೇ ಬಂದಿರಲಿಲ್ಲ ಅಂತ. ಕೈರಾನ್‌ಬಾನ್ ಅಂತ ಒಂದು ರಟ್ಟು ಮನೆಯಿಂದ ಮನೆಗೆ ಬರುತ್ತದೆ, ಓಣಿಯ ಸುದ್ದಿಯೆಲ್ಲ ಅದರಲ್ಲೇ ಇರುತ್ತದೆ. ನಾನು ಓದಲು ಬಾರದೆ ಹಾಗೇ ಮುಂದಿನ ಮನೆಗೆ ದಾಟಿಸಿದ್ದೆ. ಈಗ ಫೋನ್‌ನಲ್ಲಿ ಫೋಟೋ ಹೊಡೆದರೆ ಅನುವಾದ ಬರುತ್ತದೆ, ನಿಮಗೆ ಆ ನೆಪವೂ ಇಲ್ಲ.

ಮುಂದಿನ ವರ್ಷದಿಂದ ನಾನೂ ಹೂಳೆತ್ತಲು ಹೋದೆ. ಜಪಾನಿ ಕಲಿತಿದ್ದು ಅಲ್ಲೇ ಜಾಸ್ತಿ, ಕ್ಲಾಸಿನಲ್ಲಲ್ಲ. ಏರಿ, ತೂಬು, ಕೋಡಿ ಅಂತ ನಮ್ಮೂರಲ್ಲೂ ಇವೆ ಅಂದಾಗ ಮುದುಕರೆಲ್ಲ ಸುತ್ತ ಸೇರಿದರು. ನೀರುಗಂಟಿ ಅಂದರೆ ಕೆರೆ ನೀರನ್ನು ಗದ್ದೆಗಳಿಗೆ ಹಂಚುವವನು ಅಂತ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಆ ದಿನದಿಂದ ಮನೆ ಬಾಗಿಲಿಗೆ ಬದನೆಕಾಯಿ, ಮೂಲಂಗಿ ಬರತೊಡಗಿದವು.

ತೊಗರಿಬೇಳೆ, ಸಾಂಬಾರ್ ಪುಡಿ ತನ್ನಿ. ಸನಿಕೆ, ಕುಡುಗೋಲು ಇಲ್ಲೇ ಕೊಡುತ್ತಾರೆ. ಗಂಬೂಟು ಮಾತ್ರ ನಿಮ್ಮ ಅಳತೆಯದು ಬಂದ ವಾರವೇ ಕೊಂಡಿಟ್ಟುಕೊಳ್ಳಿ, ನನಗೆ ಎರಡು ವರ್ಷ ಯಾರದೋ ಬಿಗಿ ಬೂಟೇ ಗತಿಯಾಗಿತ್ತು.